ಕವುಚಿಟ್ಟ ಕರಟ

ನನ್ನ ಅತ್ತೆಯ ಅಂಗಾಲು ನೋಡಿದರೆ ಹೊಸಬರು ಹೆದರುತ್ತಿದ್ದರು. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಬರೇ ಬಿಳೀ ಗೆರೆಗಳು, ಅಡ್ಡಕ್ಕೂ ಉದ್ದಕ್ಕೂ, ಒಂದರ ಮೇಲೊಂದು. ಬಂಡೆಗೆ ಅಂಟಿಕೊಂಡ ಚಿಪ್ಪುಗಳು ವರ್ಷಾನುಗಟ್ಟಲೆ ಕೊಯ್ದು ಮಾಡಿದ ಗಾಯಗಳ ಗುರುತು ಅವು. ಮಧ್ಯಾಹ್ನ ಊಟವಾಗಿ ಅವಳು ಜಗಲಿಯಲ್ಲಿ ಕಾಲು ಚಾಚಿದರೆ ನಾವು ಮಕ್ಕಳು ಆ ಗೆರೆಗಳ ಮೇಲೆ ಬೆರಳು ಓಡಿಸುತ್ತಿದ್ದೆವು. ಅವಳಿಗೆ ಕಚಗುಳಿ ಕೂಡ ಆಗುತ್ತಿರಲಿಲ್ಲ. "ಎಂತ ಹುಡುಕ್ತ್ರಿ ಅಲ್ಲಿ? ಮೀನಿಲ್ಲ," ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು.

ಅವಳು ನಮ್ಮ ಅಪ್ಪನ ಅಕ್ಕ. ಹೊನ್ನಾವರದ ಹತ್ತಿರ ಹೊಳೆ ಕಡಲಿಗೆ ಸೇರುವಲ್ಲಿ, ನೀರಿನ ನಡುವೆ ಒಂದು ಸಣ್ಣ ಕುರ್ವೆಯಲ್ಲಿ ಅವಳ ಮನೆ. ಕುರ್ವೆ ಎಂದರೆ ನಾಲ್ಕೂ ಕಡೆ ನೀರಿರುವ ಜಾಗ. ಅಲ್ಲಿ ತೆಂಗಿನ ಮರ, ನಾಲ್ಕಾರು ಮನೆ, ಒಂದು ಸಿಹಿನೀರಿನ ಬಾವಿ. ಮಾವನಿಗೆ ತೋಟವೂ ಇತ್ತು, ಒಂದು ದೋಣಿಯೂ ಇತ್ತು. ಮಕ್ಕಳಿರಲಿಲ್ಲ. ಹುಟ್ಟಿದ ಎರಡೂ ಹಸುಗೂಸಾಗಿದ್ದಾಗಲೇ ಹೋಗಿದ್ದವು. ಅದರ ಸುದ್ದಿಯನ್ನು ಅತ್ತೆ ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಆದರೆ ಬೇಸಿಗೆಯ ರಜೆ ಬಂದರೆ ಅವಳಿಗೆ ನಾವೆಲ್ಲ ಬೇಕು. ಕುಮಟೆಯಿಂದ ನಾನು, ಅಣ್ಣ. ಭಟ್ಕಳದಿಂದ ಚಿಕ್ಕಪ್ಪನ ಇಬ್ಬರು ಗಂಡುಮಕ್ಕಳು. ಆ ಒಂದು ತಿಂಗಳಿಗಾಗಿ ಅವಳು ಉಳಿದ ಹನ್ನೊಂದು ತಿಂಗಳು ಹಪ್ಪಳ ಒಣಗಿಸುತ್ತಿದ್ದಳು ಎಂದು ಮಾವ ನಗುತ್ತಿದ್ದರು.

ಮೊನ್ನೆ ನನ್ನ ಸೊಸೆ, "ಮಕ್ಕಳನ್ನು ದ್ವೀಪಕ್ಕೆ ಕರ್ಕೊಂಡು ಹೋಗ್ತಿದ್ದೇವೆ, ಅಲ್ಲಿ ಎಂತ ಮಾಡಿಸಬೇಕು?" ಎಂದು ಕೇಳಿದಳು. ಕೈಯಲ್ಲಿ ಮೊಬೈಲು, ಅದರಲ್ಲಿ ಏನೇನೋ ಆಟಗಳ ಪಟ್ಟಿ. ನನಗೆ ನಗು ಬಂತು. ಅತ್ತೆ ನಮ್ಮಿಂದ ಏನನ್ನೂ ಮಾಡಿಸುತ್ತಿರಲಿಲ್ಲ. ತಾನು ಮಾಡುವ ಕೆಲಸಕ್ಕೆ ನಮ್ಮನ್ನು ಸೇರಿಸಿಕೊಳ್ಳುತ್ತಿದ್ದಳು, ಅಷ್ಟೇ.

ಬೆಳಿಗ್ಗೆ ಕುಚ್ಚಕ್ಕಿ ಗಂಜಿ ಉಂಡು ಹೊರಟರೆ ನೀರಿನ ಏರಿಳಿತ ನೋಡಿ ಕೆಲಸ. ನೀರು ಇಳಿದಿದ್ದರೆ ಮನೆಯ ಮುಂದಿನ ಸಣ್ಣ ಕಾಲುವೆಯನ್ನು ಮೊಣಕಾಲು ನೀರಿನಲ್ಲಿ ದಾಟಿ, ಆಚೆಗೆ ಎದ್ದಿರುವ ಮರಳ ದಿಬ್ಬಕ್ಕೆ ಹೋಗುವುದು. ಅಲ್ಲಿ ಕಾಲಿನ ಹೆಬ್ಬೆರಳಿನಿಂದ ಮರಳು ಕೆದಕಿ ಬಳಚು ಹುಡುಕುವುದು. ಬಳಚು ಎಂದರೆ ಚಿಪ್ಪಿನೊಳಗಿನ ಮೀನು; ಕಾಯಿ ಹಾಕಿ ಸುಕ್ಕ ಮಾಡಿದರೆ ಅನ್ನ ಸಾಲದು. ನೀರು ಏರಿದ್ದರೆ ದೋಣಿಕಟ್ಟೆಯ ಮೇಲೆ ಕೂತು ಗಾಳ ಹಾಕುವುದು. ಬಿಸಿಲು ಏರಿದರೆ ಮೀನು ಒಣಗಲು ಹಾಕಿದ ಚಾಪೆಗೆ ಕಾಗೆ ಬರದಂತೆ ಕಾಯುವುದು, ತೆಂಗಿನ ಗರಿಯಲ್ಲಿ ಪೀಪಿ, ಹಾವು, ಕೈಗಡಿಯಾರ ಮಾಡುವುದು. ಸಂಜೆ ಮುರುಗಲು ಪಾನಕ ಕುಡಿದು ನೀರಿಗೆ ಬೀಳುವುದು. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿ ಕಟ್ಟಿ, ಎದೆಯ ಅಡಿಗೆ ಕೊಟ್ಟು ಅವಳು ನಮ್ಮನ್ನು ತೇಲಿಬಿಡುತ್ತಿದ್ದಳು. "ಕೈಕಾಲು ಬಡೀಬೇಡ. ಕಾಯಿ ನಿನ್ನ ಹಿಡ್ಕಂಡದೆ, ನೀ ಸುಮ್ನಿರು," ಎನ್ನುತ್ತಿದ್ದಳು. ನಾನು ಈಜು ಕಲಿತದ್ದು ಹಾಗೆ.

ಒಂದು ಆಟ ಮಾತ್ರ ಅವಳೇ ಹುಟ್ಟಿಸಿದ್ದು. ದಿಬ್ಬದ ಆಚೆ ತುದಿಯಲ್ಲಿ ಮಾವ ಬಲೆ ಕಟ್ಟಲು ಹುಗಿದ ದಪ್ಪ ಗೂಟವಿತ್ತು. ಆಳೆತ್ತರದಲ್ಲಿ ಅಡ್ಡಪಟ್ಟಿ, ಅದಕ್ಕೆ ಹತ್ತಲು ಕೆತ್ತಿದ ಮೆಟ್ಟಿಲು, ಪಟ್ಟಿಯಿಂದ ಸದಾ ತೂಗುವ ಒಂದು ಜೋಡಿ ಕಾಯಿ. ಬಳಚು ಆರಿಸುತ್ತಿರುವಾಗ ಅವಳು ಇದ್ದಕ್ಕಿದ್ದ ಹಾಗೆ ಚಪ್ಪಾಳೆ ತಟ್ಟಿ, "ನೀರು ಬಂತು," ಎನ್ನುತ್ತಿದ್ದಳು. ಎಲ್ಲರೂ ಗೂಟಕ್ಕೆ ಓಡಬೇಕು, ಹತ್ತಿ ಪಟ್ಟಿಯ ಮೇಲೆ ಕೂತು ಹಾಡಬೇಕು. ಮನೆಯ ಕಡೆ ಓಡಿದವರು ಸೋತರು. ಯಾಕೆ ಎಂದು ಅಣ್ಣ ಒಮ್ಮೆ ಕೇಳಿದ್ದ. "ನೀರು ದಿಬ್ಬಕ್ಕೆ ಬರೂಕೆ ಮೊದ್ಲು ಕಾಲುವೆಗೆ ಬರ್ತದೆ. ಮನೆ ಹತ್ರ ಕಾಣ್ತದೆ ಅಂತ ಓಡಿರೆ ನಡೂ ಮಧ್ಯ ಸಿಕ್ಕಂಬೀಳ್ತೆ," ಎಂದಿದ್ದಳು. ಹಾಡು ಯಾಕೆ ಎಂದು ಅವನು ಕೇಳಲಿಲ್ಲ. ಅವಳು ಭತ್ತ ಕುಟ್ಟುವಾಗ ಹಾಡುವ ಹಾಡುಗಳು ನಮಗೆಲ್ಲ ಅಷ್ಟಿಷ್ಟು ಬರುತ್ತಿದ್ದವು. ಹಾಡಲು ಕಾರಣ ಬೇಕೆಂದು ನಮಗೆ ಅನ್ನಿಸಲೂ ಇಲ್ಲ.

ಇನ್ನೊಂದು ಪದ್ಧತಿಯಿತ್ತು. ಮನೆಯ ಮುಂದಿನ ಮೋಟುಗೋಡೆಯ ಮೇಲೆ ಸಾಲಾಗಿ ತೆಂಗಿನ ಕರಟಗಳು. ಹೊತ್ತುಗೊತ್ತಿಲ್ಲದೆ ದೋಣಿಯಲ್ಲಿ ಓಡಾಡುವ ಮಾವನನ್ನು ಬಿಟ್ಟು ಒಬ್ಬೊಬ್ಬರಿಗೆ ಒಂದು, ಒಂದೊಂದಕ್ಕೂ ಅವಳೇ ಕತ್ತಿಯಲ್ಲಿ ಕೆತ್ತಿದ ಗುರುತು. ನನ್ನದಕ್ಕೆ ಮೀನು, ಅಣ್ಣನದಕ್ಕೆ ದೋಣಿ. ಅತ್ತೆಯದು ಎಲ್ಲಕ್ಕಿಂತ ದೊಡ್ಡದು, ಅಂಚು ತೇದು ನುಣುಪಾದದ್ದು, ಗುರುತಿಲ್ಲದ್ದು. ಮನೆಯಿಂದ ಹೊರಗೆ ಹೋಗುವಾಗ ನಮ್ಮ ಕರಟವನ್ನು ಬಾಯಿ ಮೇಲೆ ಮಾಡಿ ಅಂಗಾತ ಇಡಬೇಕು. ಬಂದ ಮೇಲೆ ಅದರಲ್ಲೇ ಹಂಡೆಯ ನೀರು ಮೊಗೆದು ಕಾಲು ತೊಳೆದು, ಕವುಚಿಟ್ಟು ಒಳಗೆ ಬರಬೇಕು. ಸಂಜೆ ಅವಳು ಹೊರಗೆ ಬಂದು ಸಾಲನ್ನು ಒಮ್ಮೆ ನೋಡುತ್ತಿದ್ದಳು. ಎಲ್ಲ ಕವುಚಿದ್ದರೆ, "ಎಲ್ಲಾ ಒಳಗಾತು," ಎನ್ನುತ್ತಿದ್ದಳು. ಆಮೇಲೆ ಅಡುಗೆಮನೆಗೆ ಹೋಗುತ್ತಿದ್ದಳು. ನಮ್ಮ ಹೆಸರು ಹಿಡಿದು ಕೂಗಿ ಲೆಕ್ಕ ಮಾಡಿದ್ದು ನಾನು ಕಂಡಿಲ್ಲ.

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಮಾತ್ರ ಈ ಕುರ್ವೆ ಎಂದರೆ ಎದೆ ಝಲ್ಲೆನ್ನುತ್ತಿತ್ತು. ಅವಳ ತವರು ಕತಗಾಲ. ಮದುವೆಯಾಗಿ ಕುಮಟೆಗೆ ಬರುವವರೆಗೆ ಕಡಲನ್ನು ಹತ್ತಿರದಿಂದ ಕಂಡವಳಲ್ಲ. ಪ್ರತಿವರ್ಷ ನಮ್ಮನ್ನು ಕಳಿಸಲು ಅಪ್ಪ ಒಂದು ವಾರ ಅವಳ ಬೆನ್ನು ಹತ್ತಬೇಕಿತ್ತು. ನಮ್ಮಲ್ಲಿ ಕಿರಿಯವಳು, ನನ್ನ ತಂಗಿ ಸಣ್ಣಿ, ಬೆಳೆದು ತಾನೂ ಹೋಗಬೇಕೆಂದು ಹಟ ಹಿಡಿದ ವರ್ಷ ಆಯಿ ಒಂದು ಮಾತು ಹೇಳಿದಳು: "ಈ ಸಲ ನಾನೂ ಬರ್ತೆ. ಅಲ್ಲಿ ಹ್ಯಾಂಗೆ ಅಂತ ನನ್ನ ಕಣ್ಣಿಂದ ನೋಡ್ತೆ. ನಂಗೆ ಸರಿ ಕಂಡ್ರೆ ಮುಂದಿನ ವರ್ಷವೂ ಹೋಗ್ಲಿ. ಇಲ್ದಿದ್ರೆ ಇದೇ ಕಡೇ ಸಲ."

ಈ ಮಾತು ನಾವು ಮುಟ್ಟುವ ಮೊದಲೇ ಅತ್ತೆಗೆ ಮುಟ್ಟಿತ್ತು. ಅಪ್ಪ ಯಾರ ಹತ್ತಿರವೋ ಹೇಳಿಕಳಿಸಿದ್ದರು. ಆದರೂ ಅವಳು ಯಾವುದನ್ನೂ ಬದಲು ಮಾಡಲಿಲ್ಲ. ಸಣ್ಣಿಗೆ ಒಂದು ಹೊಸ ಕರಟ ಕೆತ್ತಿಟ್ಟಿದ್ದಳು, ಅದಕ್ಕೆ ಹೂವಿನ ಗುರುತು. ಮಾವ ಮೆಲ್ಲಗೆ, "ಈ ಎರಡು ದಿನ ಮಕ್ಕಳನ್ನು ಅಂಗಳದಲ್ಲೇ ಆಡಿಸಿದ್ರೆ ಆಗ್ತಿತ್ತು," ಎಂದರು. "ಅಂಗಳದಲ್ಲಿ ಆಡೂಕೆ ಅವ್ರಿಗೆ ಕುಮಟೆ ಇಲ್ವಾ?" ಎಂದಳು ಅತ್ತೆ. ದನಿ ಗಟ್ಟಿಯಾಗಿತ್ತು, ಆದರೆ ಆ ದಿನ ಒಗ್ಗರಣೆ ಹೊತ್ತಿಸಿದ್ದು ನನಗೆ ನೆನಪಿದೆ. ಅವಳು ಒಗ್ಗರಣೆ ಹೊತ್ತಿಸುವವಳಲ್ಲ.

ಮಾರನೆಯ ದಿನ ಬೆಳಿಗ್ಗೆ ಆಯಿ ದಡದಲ್ಲಿ ನಿಂತು ಗೂಟದ ಆಟ ನೋಡಿದಳು. ಸಣ್ಣಿ ಪ್ರತಿಸಲ ಸೋಲುತ್ತಿದ್ದಳು. ಚಪ್ಪಾಳೆ ಕೇಳಿದ ಕೂಡಲೇ ಅವಳು ಓಡುತ್ತಿದ್ದುದು ಅತ್ತೆಯ ಸೀರೆಗೆ, ಇಲ್ಲವೇ ಮನೆಯ ಕಡೆಗೆ. ನಾವು ನಕ್ಕರೆ ಅಳು. ಮಧ್ಯಾಹ್ನ ಆಯಿ ತಡೆಯಲಾರದೆ ಹೇಳಿಯೇಬಿಟ್ಟಳು. "ಅತ್ತಿಗೆ, ಹೆದರಿದ ಮಗು ಮನೆಗೆ ಓಡಿ ಬಂದ್ರೆ ಸೋತ್ತು ಅಂತ ಹೇಳೂದು ಎಂಥಾ ಆಟ? ಮನೆ ಬಿಟ್ಟು ಓಡೂಕೆ ಕಲಿಸ್ತಿದ್ರಲ್ಲ ನೀವು."

ಅತ್ತೆ ಬಳಚಿನ ಬುಟ್ಟಿ ತೊಳೆಯುತ್ತಿದ್ದಳು. ತಲೆಯೆತ್ತಲಿಲ್ಲ. "ಇಲ್ಲಿ ಹಾಂಗೇ ಮಾರಾಯ್ತಿ," ಎಂದಷ್ಟೇ ಹೇಳಿದಳು. ಆಯಿಯ ಮುಖ ನೋಡಿದರೆ ತೀರ್ಮಾನ ಅರ್ಧ ಆದ ಹಾಗೇ ಇತ್ತು.

ಆ ಸಂಜೆ ನೀರು ಪೂರ್ತಿ ಇಳಿದಿತ್ತು. ಮಾವ ದೋಣಿ ತೆಗೆದುಕೊಂಡು ಹೊನ್ನಾವರ ಪೇಟೆಗೆ ಹೋಗಿದ್ದರು. ಆಯಿ ಮನೆಯಲ್ಲುಳಿದಳು. ನಾವೆಲ್ಲ ಅತ್ತೆಯ ಜೊತೆ ದಿಬ್ಬದ ಮೇಲಿದ್ದೆವು. ಭಟ್ಕಳದ ಹುಡುಗರಲ್ಲಿ ದೊಡ್ಡವನು ಒಡೆದ ಚಿಪ್ಪಿನ ಮೇಲೆ ಕಾಲಿಟ್ಟು ಹಿಮ್ಮಡಿ ಕೊಯ್ದುಕೊಂಡ. ರಕ್ತ ಒಂದೇ ಸಮನೆ ಸುರಿಯತೊಡಗಿತು. ಅತ್ತೆ ಅವನನ್ನು ಸೊಂಟದ ಮೇಲೆ ಹೊತ್ತಳು, ಬುಟ್ಟಿ ನನ್ನ ತಲೆಗೆ ಕೊಟ್ಟಳು. ಅಣ್ಣನಿಗೆ, "ತಮ್ಮಾ, ನೀರು ತಿರುಗೂ ಹೊತ್ತಾತು. ಸಣ್ಣಿಯನ್ನೂ ಅವನನ್ನೂ ಕರ್ಕಂಡು ಬೆನ್ನಿಗೇ ಬಾ," ಎಂದಳು. ಅವನು ಎಂದರೆ ಭಟ್ಕಳದ ಸಣ್ಣ ಹುಡುಗ.

ನಾವು ಹೊರಟದ್ದು ಕಂಡು ಸಣ್ಣಿ ಅತ್ತೆಯ ಬೆನ್ನಿಗೆ ಓಡಿದಳಂತೆ. ಅದನ್ನು ಅಣ್ಣ ನೋಡಿದ. ಅವಳು ನಮ್ಮ ಜೊತೆ ಹೋದಳು ಎಂದುಕೊಂಡು ಉಳಿದವನನ್ನು ಕರೆದುಕೊಂಡು ಬಂದ. ಆದರೆ ಅವಳು ಅರ್ಧ ದಾರಿಯಲ್ಲಿ ತಾನು ಆರಿಸಿದ ಬಳಚಿನ ಚೆಂಬು ನೆನಪಾಗಿ, ಮರಳಿನ ಗುಡ್ಡೆಯ ಆಚೆಗೆ ತಿರುಗಿ ಹೋಗಿದ್ದಳು. ನಾವು ಅವಳನ್ನು ನೋಡಲೇ ಇಲ್ಲ.

ಮನೆಗೆ ಬಂದು ನಾವು ಮೂವರೂ ಕಾಲು ತೊಳೆದು ಕರಟ ಕವುಚಿದೆವು. ಅಣ್ಣ ಮತ್ತು ಹುಡುಗ ಬಂದು ಅವರದ್ದನ್ನು ಕವುಚಿದರು. ಗೋಡೆಯ ಮೇಲೆ ಅಂಗಾತ ಉಳಿದದ್ದು ಒಂದೇ, ಹೂವಿನದು. ಅದನ್ನು ನಾವು ಯಾರೂ ಗಮನಿಸಲಿಲ್ಲ. ಅತ್ತೆ ಒಳಗೆ ಹುಡುಗನ ಗಾಯಕ್ಕೆ ಅರಿಸಿನ ಎಣ್ಣೆ ಹಚ್ಚಿ ಬಟ್ಟೆ ಕಟ್ಟುತ್ತಿದ್ದಳು.

ಆಯಿ ದೀಪ ಹಚ್ಚಿ ತುಳಸಿಕಟ್ಟೆಗೆ ಇಡಲು ಹೊರಗೆ ಬಂದಳು. ನಮ್ಮ ಮನೆಯಲ್ಲಿ ಮುಸ್ಸಂಜೆಗೆ ಯಾವ ಪಾತ್ರೆಯನ್ನೂ ಬಾಯಿ ತೆರೆದು ಹೊರಗೆ ಬಿಡುವ ಕ್ರಮವಿಲ್ಲ. ದೀಪ ಹಚ್ಚಿದ ಮೇಲೆ ಖಾಲಿ ಪಾತ್ರೆ ಬಾಯಿ ತೆರೆದಿದ್ದರೆ ಮನೆಗೆ ಒಳ್ಳೆಯದಲ್ಲ ಎಂದು ಅವಳ ತಾಯಿ ಕಲಿಸಿದ್ದು. ಕೊಡಪಾನ ಕವುಚಿದಳು, ಬಕೆಟ್ಟು ಕವುಚಿದಳು, ಗೋಡೆಯ ಮೇಲಿದ್ದ ಆ ಒಂದು ಕರಟವನ್ನೂ ಕವುಚಿದಳು. ಕರಟದ ಪದ್ಧತಿ ಅವಳಿಗೆ ಯಾರೂ ಹೇಳಿರಲಿಲ್ಲ. ಕಾಲು ತೊಳೆಯುವ ಕರಟ ಎಂದಷ್ಟೇ ಅವಳಿಗೆ ಗೊತ್ತು.

ಅತ್ತೆ ಗಾಯ ಕಟ್ಟಿ ಹೊರಗೆ ಬಂದು ಸಾಲು ನೋಡಿದಳು. "ಎಲ್ಲಾ ಒಳಗಾತು," ಎಂದಳು. ಒಲೆಯ ಮುಂದೆ ಹೋಗಿ ಕೂತಳು.

ದೀಪದ ಮುಂದೆ ನಾವು ಮಕ್ಕಳು ಸಾಲಾಗಿ ಕೂತು ಭಜನೆ ಹೇಳುವುದು ರೂಢಿ. ಕೂತಾಗ ಆಯಿ ಕೇಳಿದಳು: "ಸಣ್ಣಿ ಎಲ್ಲಿ? ಅತ್ತೆಯ ಹತ್ರ ಅಡುಗೆಮನೆಯಲ್ಲಿದ್ದಾಳಾ?" ಒಳಗಿನಿಂದ ಅತ್ತೆ, "ನಿನ್ನ ಹತ್ರ ಇಲ್ವಾ?" ಎಂದಳು.

ಅತ್ತೆ ಎದ್ದು ಹೊರಗೆ ಹೋದಳು. ಹೂವಿನ ಕರಟವನ್ನೆತ್ತಿ ಒಳಗೆ ಬೆರಳಾಡಿಸಿದಳು. ನಾನು ಪಕ್ಕದಲ್ಲೇ ಇದ್ದೆ. ಉಳಿದ ಕರಟಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಅದು ಒಣಗಿತ್ತು. ಅತ್ತೆ ಒಮ್ಮೆ ಕವುಚಿಟ್ಟ ಕೊಡಪಾನ ನೋಡಿದಳು, ಬಕೆಟ್ಟು ನೋಡಿದಳು. ಮತ್ತೆ ಕರಟವನ್ನು ಅಂಗಾತ ಮಾಡಿ ಗೋಡೆಯ ಮೇಲಿಟ್ಟಳು.

ಆಗ ಕಾಲುವೆ ತುಂಬಿಹೋಗಿತ್ತು. ಸೂರ್ಯ ಮುಳುಗಿ ನೀರಿನ ಮೇಲೆ ಸ್ವಲ್ಪ ಕೆಂಪು ಉಳಿದಿತ್ತು. ದಿಬ್ಬ ಕಾಣುತ್ತಿರಲಿಲ್ಲ. ದೋಣಿ ಹೊನ್ನಾವರದಲ್ಲಿ. ಆಯಿ ಒಂದೇ ಸಲ ಮಗಳ ಹೆಸರು ಹಿಡಿದು ಕೂಗಿ ನೀರಿಗೆ ಇಳಿಯಲು ಹೋದಳು. ಅತ್ತೆ ಅವಳ ರಟ್ಟೆ ಹಿಡಿದು ಕೈಗೆ ಲಾಟೀನು ಕೊಟ್ಟಳು.

"ಇಲ್ಲೇ ನಿಲ್ಲು. ನೀರಿಗೆ ಇಳೀಬೇಡ. ನಿನ್ನ ಹುಡುಕೂಕೆ ನಂಗೆ ಪುರಸೊತ್ತಿಲ್ಲ."

ಆಮೇಲೆ ನಮಗೆ, "ಬಾಯಿ ಮುಚ್ಚಿ, ಕೇಳಿ," ಎಂದಳು.

ನಾವೆಲ್ಲ ಉಸಿರು ಹಿಡಿದು ನಿಂತೆವು. ಗಾಳಿ, ನೀರು, ಆಯಿಯ ಬಿಕ್ಕು. ನನಗೆ ಬೆಳಗಿನ ಆಟವೇ ಕಣ್ಣ ಮುಂದೆ. ಅವಳು ಮನೆಯ ಕಡೆಗೇ ಓಡಿರುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಸಾಯುತ್ತಿದ್ದೆ. ಅಷ್ಟರಲ್ಲಿ ಅಣ್ಣ ಕೈ ಎತ್ತಿದ. ನೀರಿನ ಮೇಲಿಂದ, ಬಹಳ ದೂರದಿಂದ ಎಂಬಂತೆ, ಭತ್ತ ಕುಟ್ಟುವ ಹಾಡಿನ ಒಂದು ಸಾಲು. ಮತ್ತೆ ಅದೇ ಸಾಲು. ಸಣ್ಣಿಗೆ ಬರುತ್ತಿದ್ದುದು ಆ ಒಂದೇ ಸಾಲು.

ಅತ್ತೆ ಸೀರೆ ಕಚ್ಚೆ ಹಾಕಿ, ಒಂದು ಜೋಡಿ ಕಾಯಿ ಎದೆಗೆ ಕಟ್ಟಿ ನೀರಿಗೆ ಇಳಿದಳು. ಸ್ವಲ್ಪ ಹೊತ್ತಿನಲ್ಲಿ ಅವಳ ತಲೆಯೂ ಕಾಣದಾಯಿತು. ಹಾಡು ನಿಂತಿತು. ಹಾಡು ನಿಂತ ಆ ಹೊತ್ತನ್ನು ನಾನು ಇವತ್ತಿಗೂ ಮರೆತಿಲ್ಲ. ಆಮೇಲೆ ಕತ್ತಲಿನಿಂದ ಎರಡು ದನಿ ಕೂಡಿ ಹಾಡಿದ್ದು ಕೇಳಿತು, ದೊಡ್ಡದೊಂದು, ಚಿಕ್ಕದೊಂದು. ಆಯಿ ಲಾಟೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಮಾವ ಪೇಟೆಯಿಂದ ತಿರುಗಿ ಬರುತ್ತ ಲಾಟೀನು ಕಂಡು, ಹಾಡು ಕೇಳಿ, ದೋಣಿಯನ್ನು ನೇರ ಗೂಟಕ್ಕೆ ಬಿಟ್ಟರು. ದೋಣಿ ದಡ ಮುಟ್ಟಿದಾಗ ಸಣ್ಣಿ ಅತ್ತೆಯ ಕುತ್ತಿಗೆಗೆ ಜೋತುಬಿದ್ದಿದ್ದಳು. ತುಟಿ ನೀಲಿಯಾಗಿತ್ತು. ಇಳಿದವಳೇ ನಮ್ಮನ್ನು ನೋಡಿ, "ನಾ ಗೆದ್ದೆ," ಎಂದಳು.

ಆಯಿ ಮಗಳನ್ನು ಕಿತ್ತುಕೊಂಡಳು. ಆಮೇಲೆ ಅವಳ ಬಾಯಿಂದ ಬಂದದ್ದೆಲ್ಲ ಬರೆಯುವುದು ಬೇಡ. ಮಕ್ಕಳನ್ನು ಹೆತ್ತವರಿಗೆ ಮಾತ್ರ ಮಕ್ಕಳ ಜೀವದ ಬೆಲೆ ಗೊತ್ತು ಎನ್ನುವ ತನಕ ಹೋಯಿತು. ಮಾವ ತಲೆ ತಗ್ಗಿಸಿದರು. ಅತ್ತೆ ಒದ್ದೆ ಸೀರೆಯಲ್ಲೇ ನಿಂತು ಎಲ್ಲ ಕೇಳಿದಳು. "ಲೆಕ್ಕ ತಪ್ಪಿದ್ದು ನಂದೇ," ಎಂದಳು. ಬೆಳಿಗ್ಗೆ ನಾವೆಲ್ಲ ಗಂಟು ಕಟ್ಟಿ ಹೊರಟೆವು. ಹೊರಡುವಾಗ ಅಭ್ಯಾಸಬಲದಿಂದ ಕರಟಗಳನ್ನು ಅಂಗಾತ ಇಟ್ಟೆವು. ದೋಣಿ ಬಿಟ್ಟ ಮೇಲೆ ನೋಡಿದರೆ ಅತ್ತೆ ದಡದಲ್ಲಿರಲಿಲ್ಲ. ಬೇರೆ ವರ್ಷಗಳಲ್ಲಿ ನಾವು ಕಣ್ಮರೆಯಾಗುವ ತನಕ ನಿಂತಿರುತ್ತಿದ್ದಳು.

ಕುಮಟೆಯಲ್ಲಿ ಮಳೆಗಾಲ ಹಿಡಿಯಿತು. ಕುರ್ವೆಯ ಹೆಸರೆತ್ತಿದರೆ ಆಯಿ ಎದ್ದು ಹೋಗುತ್ತಿದ್ದಳು. ಹಾಗಿರುವಾಗ ಒಂದು ಸಂಜೆ ಸಣ್ಣಿ ಜಗಲಿಯಲ್ಲಿ ಕರಟಗಳನ್ನು ಸಾಲಾಗಿಟ್ಟು ಆಡುತ್ತಿದ್ದಳು. ಆಯಿ ದೀಪ ಹಚ್ಚಿ ಬಂದವಳು ಒಂದನ್ನು ಕವುಚಲು ಬಗ್ಗಿದಳು. ಸಣ್ಣಿ ಅವಳ ಕೈ ಹಿಡಿದಳು.

"ಆಯಿ, ಮುಟ್ಟಬೇಡ. ಅಣ್ಣ ಇನ್ನೂ ಶಾಲೆಯಿಂದ ಬರ್ಲಿಲ್ಲ. ಬಂದು ಕಾಲು ತೊಳೆದು ಅವನೇ ಕವುಚಬೇಕು. ನೀ ಕವುಚಿದ್ರೆ ಅವ ಒಳಗೆ ಬಂದ ಅಂತ ಅತ್ತೆ ತಿಳ್ಕತ್ರು."

ಆಯಿ ಬಗ್ಗಿದಲ್ಲೇ ನಿಂತಳು. ಆಮೇಲೆ ಹೊಸ್ತಿಲ ಮೇಲೆ ಕೂತು ನನ್ನನ್ನು ಕರೆದು, ಹೌದಾ ಎಂದು ಕೇಳಿದಳು. ಹೌದು ಎಂದೆ. "ಅತ್ತೆಗೆ ಗೊತ್ತಾಗಿತ್ತಾ?" ಎಂದಳು. ಅವಳು ಕರಟದೊಳಗೆ ಬೆರಳಾಡಿಸಿ ಕೊಡಪಾನ, ಬಕೆಟ್ಟು ನೋಡಿದ್ದನ್ನು ಹೇಳಿದೆ. ಅದರ ಅರ್ಥ ನನಗೂ ಹೊಳೆದದ್ದು ಹೇಳುವಾಗಲೇ. ಆ ರಾತ್ರಿ ಆಯಿ ಊಟ ಮಾಡಲಿಲ್ಲ.

ಮುಂದಿನ ರಜೆಗೆ ಗಂಟು ಕಟ್ಟಿದವಳು ಆಯಿಯೇ. ಕುರ್ವೆಗೆ ಇಳಿದು ಅಂಗಳಕ್ಕೆ ಬಂದರೆ, ಗೋಡೆಯ ಮೇಲೆ ನಮ್ಮ ಕರಟಗಳು ನಾವು ಇಟ್ಟು ಹೋದ ಹಾಗೆ ಅಂಗಾತವಾಗಿಯೇ ಇದ್ದವು. ಅವುಗಳಲ್ಲಿ ಒಂದು ಕಸಕಡ್ಡಿ ಇರಲಿಲ್ಲ. "ಮಳೆಗಾಲದಲ್ಲಿ ದಿನಾ ನೀರು ಚೆಲ್ಲಿ ಮತ್ತೆ ಹಾಂಗೇ ಇಡ್ತಿದ್ಳು. ಕವುಚಿದ್ರೆ ಆಗೂದಿಲ್ವನೇ ಅಂದ್ರೆ, ಮಕ್ಕಳು ಬರ್ಲಿಲ್ಲ ಅಲ್ದಾ ಅಂತಿದ್ಳು," ಎಂದರು ಮಾವ.

ಅತ್ತೆ ಬಾಗಿಲಿಗೆ ಬಂದಳು. ಆಯಿ ಮೆಟ್ಟಿಲ ಕೆಳಗೇ ನಿಂತು, "ಅತ್ತಿಗೆ, ಅದನ್ನು ಕವುಚಿದ್ದು ನಾನು," ಎಂದಳು.

"ಗೊತ್ತದೆ."

"ಅಷ್ಟೆಲ್ಲ ಬೈದೆ. ಆವತ್ತೇ ಒಂದು ಮಾತು ಹೇಳೂಕಾಗಿತ್ತಲ್ಲ?"

"ಎಂತ ಹೇಳೂದು? ಮನೆಗೆ ಬಂದವ್ರಿಗೆ ಮನೆ ಪದ್ಧತಿ ಹೇಳ್ಬೇಕಾದವ್ಳು ನಾನು. ಹೇಳ್ಲಿಲ್ಲ. ಮತ್ತೆ ಆವತ್ತು ಹೇಳಿದ್ರೆ ನೀ ತಡ್ಕಳ್ತಿದ್ಯಾ? ನನ್ನ ಮೇಲೆ ಸಿಟ್ಟು ಅಂದ್ರೆ ನೀ ಬಡ್ಕಂಡು ಸುಮ್ನಾಗ್ತೆ. ಅದಿರ್ಲಿ, ಕಾಲು ತೊಳ್ಕ."

ಕಾಲು ತೊಳೆಯಲು ಅವಳು ಆಯಿಯ ಕೈಗೆ ಒಂದು ಕರಟ ಕೊಟ್ಟಳು. ಅದರ ಮೇಲೆ ದೀಪದ ಗುರುತು ಕೆತ್ತಿತ್ತು. ಎಂದು ಕೆತ್ತಿದಳೋ ಗೊತ್ತಿಲ್ಲ. ಆಯಿ ಕಣ್ಣು ಒರೆಸಿಕೊಳ್ಳುತ್ತಲೇ ಕಾಲು ತೊಳೆದಳು. ಆಮೇಲೆ ಪ್ರತಿ ಬೇಸಿಗೆಯೂ ಅವಳು ನಮ್ಮ ಜೊತೆ ಕುರ್ವೆಗೆ ಬಂದಳು, ಎರಡು ಕಾಯಿ ಕಟ್ಟಿಕೊಂಡು ತೇಲುವುದನ್ನೂ ಕಲಿತಳು. ಆದರೆ ಆ ಗೋಡೆಯ ಮೇಲೆ ತನ್ನದನ್ನು ಬಿಟ್ಟು ಬೇರೆ ಯಾರ ಕರಟವನ್ನೂ ಅವಳು ಮುಟ್ಟಲಿಲ್ಲ.

ಅತ್ತೆ ತೀರಿಕೊಂಡದ್ದು ನಾನು ಕಾಲೇಜಿಗೆ ಸೇರಿದ ವರ್ಷ. ಹೊಟ್ಟೆನೋವು ಹೆಚ್ಚಾಗಿ ಹೊನ್ನಾವರದ ಆಸ್ಪತ್ರೆಗೆ ದೋಣಿಯಲ್ಲಿ ಕರೆದುಕೊಂಡು ಹೋದರು. ಸುದ್ದಿ ಕೇಳಿ ಆಯಿ ಹೋಗಿ ಹಾಸಿಗೆಯ ಬಳಿ ಕೂತಳು. ಮನೆಯಿಂದ ಹೊರಡುವಾಗ ಅತ್ತೆ ಮಾವನ ಹೆಗಲು ಹಿಡಿದು ನಿಂತು, ಆ ಗುರುತಿಲ್ಲದ ದೊಡ್ಡ ಕರಟವನ್ನು ಅಂಗಾತ ಮಾಡಿಟ್ಟು ಹೋಗಿದ್ದಳಂತೆ. ಮೂರನೆಯ ದಿನ ಅದೇ ದೋಣಿಯಲ್ಲಿ ಅವಳನ್ನು ತಂದರು, ಆಯಿಯೂ ಜೊತೆಗೆ ಬಂದಳು.

ನಾವು ಮಕ್ಕಳೆಲ್ಲ ಅಷ್ಟರಲ್ಲಿ ಬಂದು ಸೇರಿದ್ದೆವು. ಬಂದವರು ಬಂದ ಹಾಗೆ ಕಾಲು ತೊಳೆದು ನಮ್ಮ ನಮ್ಮದನ್ನು ಕವುಚಿದ್ದೆವು. ದುಃಖದಲ್ಲೂ ಕೈ ಅದನ್ನು ಮರೆತಿರಲಿಲ್ಲ. ಆಯಿಯದನ್ನು ಬಿಟ್ಟರೆ ದೊಡ್ಡ ಕರಟ ಒಂದೇ ಅಂಗಾತ ಉಳಿದಿತ್ತು. ಅದರ ಹತ್ತಿರ ಹೋಗಲು ಯಾರಿಗೂ ಧೈರ್ಯವಾಗಲಿಲ್ಲ, ಮಾವನಿಗೂ ಸಹ.

ಅತ್ತೆಯನ್ನು ಜಗಲಿಯಲ್ಲಿ ಮಲಗಿಸಿದರು. ಆಯಿ ಮೊದಲು ತನ್ನ ಕಾಲು ತೊಳೆದು ದೀಪದ ಕರಟ ಕವುಚಿದಳು. ಆಮೇಲೆ ದೊಡ್ಡ ಕರಟ ತೆಗೆದುಕೊಂಡು ಹಂಡೆಯಿಂದ ನೀರು ಮೊಗೆದು ತಂದಳು. ಆ ಬಿಳೀ ಗೆರೆಗಳ ಪಾದಗಳ ಮೇಲೆ ನೀರು ಹೊಯ್ದು, ಬೆರಳ ಸಂದಿನಲ್ಲಿ ಉಳಿದಿದ್ದ ಮರಳನ್ನು ಕೈಯಿಂದ ತೊಳೆದಳು. ಕರಟವನ್ನು ಗೋಡೆಯ ಮೇಲೆ ಅದರ ಜಾಗದಲ್ಲಿ ಕವುಚಿಟ್ಟಳು. ಸಾಲನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು.

"ಎಲ್ಲಾ ಒಳಗಾತು," ಎಂದಳು.